ಯಾರೂ ಬೀಳದ ಮನೆ

ರಾಜಧಾನಿಯಿಂದ ಹೊರಟಾಗ ಫಲಕವನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ, ಹಸುಗೂಸಿಗೆ ಹಾಕುವ ಹಾಗೆ ಬೆಲ್ಟು ಬಿಗಿದಿದ್ದೆ. ದಾರಿಯಲ್ಲಿ ಹಿಮ ಬರಲಿ, ಜಿಂಕೆ ಅಡ್ಡ ಹಾಯಲಿ, ಅದಕ್ಕೊಂದು ಗೀರು ಬೀಳಬಾರದು. ನಮ್ಮ ರಾಜ್ಯದ ಸೇನೆ ಮತ್ತು ಮಾಜಿ ಯೋಧರ ಇಲಾಖೆಯಲ್ಲಿ ನಾನಿರುವುದು ಅಳತೆ ವಿಭಾಗದಲ್ಲಿ. ಮೊದಲು ರಾಜ್ಯದ ಗಾರ್ಡ್ ಪಡೆಯಲ್ಲಿ ಲಾರಿ ಓಡಿಸುತ್ತಿದ್ದೆ. ಸೊಂಟ ಕೈಕೊಟ್ಟ ಮೇಲೆ, ಶೇಕಡಾ ಅಂದರೇನು ಸರಾಸರಿ ಅಂದರೇನು ಅಂತ ಗ್ರಂಥಾಲಯದ ಪುಸ್ತಕ ತಂದು ಅಡುಗೆಮನೆಯ ಮೇಜಿನ ಮೇಲೆ ಕಲಿತುಕೊಂಡು ಈ ಕೆಲಸಕ್ಕೆ ಬಂದವಳು.

ಇಲಾಖೆ ಎಷ್ಟು ಚೆನ್ನಾಗಿ ದುಡಿಯುತ್ತಿದೆ ಅನ್ನುವುದನ್ನು ಶಾಸನಸಭೆಗೆ ಅಂಕಿಯಲ್ಲಿ ತೋರಿಸಬೇಕಲ್ಲ, ಅದು ನಮ್ಮ ಪಾಲು. ಪಿಂಚಣಿ ಅರ್ಜಿಗಳು ಎಷ್ಟು ಬೇಗ ಮುಗಿದವು, ಶವಸಂಸ್ಕಾರಕ್ಕೆ ಗೌರವ ಪಡೆ ಹೊತ್ತಿಗೆ ಸರಿಯಾಗಿ ತಲುಪಿತೇ, ವಯಸ್ಸಾದ ಮಾಜಿ ಯೋಧರನ್ನಿಟ್ಟು ನೋಡಿಕೊಳ್ಳುವ ಯೋಧರ ಮನೆಗಳಲ್ಲಿ ಮುದುಕರು ಎಷ್ಟು ಸಲ ಬಿದ್ದರು. ಆ ಕೊನೆಯದರಲ್ಲಿ ಕಾಟನ್‌ವುಡ್ ಬೆಂಡ್ ಊರಿನ ಯೋಧರ ಮನೆ ಉಳಿದೆಲ್ಲ ಮನೆಗಳನ್ನೂ ಹಿಂದೆ ಹಾಕಿತ್ತು. ವರ್ಷವಿಡೀ ಅಲ್ಲಿ ಒಬ್ಬರೂ ಬಿದ್ದಿರಲಿಲ್ಲ. ಸೊನ್ನೆ! ಎಂಬತ್ತರ ಆಸುಪಾಸಿನ ಮುದುಕರು ತುಂಬಿರುವ ಮನೆಯಲ್ಲಿ ಸೊನ್ನೆ! ನಾವು ಕಚೇರಿಯಲ್ಲಿ ಕೇಕ್ ಕತ್ತರಿಸಿ, ಆ ಮನೆಗೆ ಕೊಡಲು ಪ್ರಶಸ್ತಿ ಫಲಕ ಮಾಡಿಸಿದೆವು.

ಬಾಗಿಲಲ್ಲೇ ಲೋರ್ನಾ ಬ್ರೆಕ್ ಸಿಕ್ಕಳು. ಮನೆಯ ಮೇಲ್ವಿಚಾರಕಿ, ಹಿಂದೆ ಸೇನೆಯಲ್ಲಿ ದಾದಿಯಾಗಿದ್ದವಳು, ಒಳ್ಳೆಯ ಹೆಂಗಸು. ನನ್ನ ಕೈಯಲ್ಲಿದ್ದ ಫಲಕ ನೋಡಿ ಅವಳ ಮುಖ ಅರಳಿತು, ಮರುಕ್ಷಣವೇ ಬಾಡಿತು.

"ಮಾರ್ಲಿಸ್, ನೀನು ಬಂದ ದಿನವೇ ಹಿಂಗಾಗ್ಬೇಕಿತ್ತಾ. ಬೆಳಗಿನ ಜಾವ ಡೆಲ್ಮರ್ ಹೋಗ್ಬಿಟ್ಟ."

"ಯಾವ ಡೆಲ್ಮರ್? ಪ್ರೊಕಾಪ್? ಆ ಮರೀನ್ ಮುದುಕನಾ?"

"ಅವನೇ. ಇನ್ನು ಸ್ವಲ್ಪ ಹೊತ್ತಿಗೆ ಕರ್ಕೊಂಡು ಹೋಗ್ತಾರೆ. ಫಲಕದ ಕೆಲ್ಸ ಆಮೇಲೆ ಇಟ್ಕೊಳ್ಳೋಣ, ಆಯ್ತಾ?"

ಡೆಲ್ಮರ್ ನನಗೆ ಗೊತ್ತು. ಅವನಿಗಿಂತ ಹೆಚ್ಚಾಗಿ ಅವನ ಜೋಡಿ ಆರ್ವಿಡ್ ನೈಗಾರ್ಡ್ ಗೊತ್ತು. ಆರ್ವಿಡ್ ನೌಕಾಪಡೆಯವನು, ಡೆಲ್ಮರ್ ಮರೀನ್ ಪಡೆಯ ಸಿಪಾಯಿ; ಆ ಎರಡು ಪಡೆಗಳವರು ಒಬ್ಬರನ್ನೊಬ್ಬರು ಹಂಗಿಸುವುದು ಹಳೆಯ ಚಾಳಿ. ಇಬ್ಬರೂ ವಿಯೆಟ್ನಾಂ ಕಂಡು ಬಂದವರು, ಇಬ್ಬರೂ ಹೆಂಡತಿಯರನ್ನು ಕಳೆದುಕೊಂಡವರು. ಎರಡು ವರ್ಷದ ಹಿಂದೆ ವಸಂತದಲ್ಲಿ ನಾನು ಬಂದಿದ್ದಾಗ ಇಸ್ಪೀಟಾಟಕ್ಕೆ ನನ್ನನ್ನೂ ಎಳೆದು ಕೂರಿಸಿದ್ದರು. ಎಲೆ ಹಾಕುವುದಕ್ಕಿಂತ ಬೈದಾಡಿದ್ದೇ ಜಾಸ್ತಿ.

"ಏ ನೀರುಕೋಳಿ, ನಿನ್ ಹಡಗಲ್ಲಿ ಇಸ್ಪೀಟು ಕಲ್ಸಿಲ್ವೇನೋ? ನೆಲ ಒರೆಸೋದು ಮಾತ್ರ ಕಲ್ಸಿದ್ರಾ?"

"ಮುಚ್ಕೊಂಡು ಆಡೋ. ನಿಮ್ ಮರೀನ್‌ಗಳು ಬಣ್ಣದ ಬಳಪ ತಿಂದ್ಕೊಂಡು ಬೆಳ್ದ ದಡ್ಡರು. ಈ ಇಸ್ಪೀಟಾದ್ರೂ ತಿನ್ಬೇಡ, ನಾಳೆ ಆಡೋಕೆ ಬೇಕು."

ಅವತ್ತು ಆರ್ವಿಡ್ ಕೋಲೂರಿಕೊಂಡು ನನ್ನನ್ನು ಕಾರಿನ ತನಕ ಬಿಡಲು ಬಂದಿದ್ದ. ಮಂಜುಗಡ್ಡೆ ಕರಗಿ ಜಾರುತ್ತಿದ್ದ ನೆಲದ ಮೇಲೆ, ಬೇಡ ಬೇಡ ಅಂದರೂ ಕೇಳದೆ, ನನ್ನ ಮೊಣಕೈ ಹಿಡಿದು ನಡೆಸಿದ್ದು ಅವನೇ.

ಈಗ ಅವನು ತನ್ನ ಕೋಣೆಯ ಬಾಗಿಲಲ್ಲಿ ಗಾಲಿಕುರ್ಚಿಯಲ್ಲಿ ಕೂತಿದ್ದ. ಇಸ್ತ್ರಿ ಹಾಕಿದ ಬಿಳಿ ಅಂಗಿ, ತಲೆಗೆ ತನ್ನ ಹಡಗಿನ ಹೆಸರಿದ್ದ ಟೋಪಿ. ನನ್ನನ್ನು ಕಂಡದ್ದೇ ಕೈ ಹಿಡಿದುಕೊಂಡ.

"ಲಾರಿ ಹುಡುಗಿ, ಸರಿಯಾದ ಹೊತ್ತಿಗೆ ಬಂದೆ. ನನ್ದೊಂದು ಕೆಲ್ಸ ಮಾಡ್ಕೊಡು. ಆ ಲೋರ್ನಾಗೆ ಹೇಳಿ ನನ್ನ ನಿಲ್ಸು."

"ನಿಲ್ಸೋದಾ?"

"ಅವನು ಹೋಗ್ವಾಗ ನಾನು ಎದ್ದು ನಿಲ್ಬೇಕು. ನಮ್ಮಿಬ್ರಲ್ಲಿ ಮಾತಾಗಿದೆ. ಯಾರು ಮೊದ್ಲು ಹೋಗ್ತಾರೋ ಅವ್ರಿಗೆ ಇನ್ನೊಬ್ಬ ನಿಂತ್ಕೊಂಡು ಸಲ್ಯೂಟ್ ಹೊಡೀಬೇಕು ಅಂತ. ನೆಟ್ಟಗೆ ನಿಲ್ಲು, ಕಳ್ ಕುಡಿದೋನ್ ಥರ ಓಲಾಡ್ಬೇಡ ಅಂತ ಮೊನ್ನೆನೂ ಬೈದಿದ್ದಾನೆ."

"ಅದಕ್ಕೇನು ಕೇಳೋದಿದೆ? ನಿಂತ್ಕೊ. ನಿನ್ ಕೋಲೆಲ್ಲಿ?"

ಪಕ್ಕದಲ್ಲಿ ಅವನ ಟೈ ಸರಿಮಾಡುತ್ತಿದ್ದ ಆರೈಕೆಯ ಹೆಂಗಸು ಡಾರ್ಸಿ ತಲೆ ಎತ್ತದೆ ಹೇಳಿದಳು. "ಹಿಂದಿನ ಕೋಣೇಲಿದೆ, ಮೇಡಂ. ತರೋಕೆ ನಂಗೆ ಅಪ್ಪಣೆ ಇಲ್ಲ. ನೀವೇ ತಂದ್ರೆ ಬೇರೆ ಮಾತು."

ನಾನೇ ಹೋದೆ. ಹೊದಿಕೆಗಳನ್ನಿಡುವ ಕೋಣೆ ಅದು. ಬಾಗಿಲು ತೆರೆದು ಒಂದು ಹೆಜ್ಜೆ ಹಿಂದೆ ಬಂದೆ. ಚಳಿಗಾಲಕ್ಕೆ ಸೌದೆ ಒಟ್ಟುವ ಹಾಗೆ ಕೋಲುಗಳನ್ನು ಗೋಡೆಯುದ್ದಕ್ಕೂ ಒಟ್ಟಿದ್ದರು. ಕೈಯಲ್ಲಿ ಹಿಡಿದು ನಡೆಯುವ ಚೌಕಟ್ಟುಗಳನ್ನು ಒಂದರೊಳಗೊಂದು ಸೇರಿಸಿ ಸೂರಿನ ತನಕ ಏರಿಸಿದ್ದರು. ಒಂದೊಂದಕ್ಕೂ ಹೆಸರಿನ ಪಟ್ಟಿ. ಕೆಲವಕ್ಕೆ ಮೊಮ್ಮಕ್ಕಳು ಅಂಟಿಸಿದ ಬಾವುಟ, ನಕ್ಷತ್ರ. ಎಲ್ಲದರ ಮೇಲೂ ಧೂಳು.

ಆರ್ವಿಡ್‌ನ ಕೋಲು ಹುಡುಕಿ ತೆಗೆದೆ. ಹಿಂದೆ ಲೋರ್ನಾ ಬಂದು ನಿಂತಿದ್ದಳು.

"ಏನಿದು ಲೋರ್ನಾ?"

"ಏನು ಅಂದ್ರೆ? ಬೀಳಬಾರ್ದು ಅಂದ್ರಲ್ಲ ನೀವು." ಅವಳ ದನಿಯಲ್ಲಿ ಕಳ್ಳತನವಿರಲಿಲ್ಲ, ಅದೇ ನನಗೆ ಹೆಚ್ಚು ಭಯ ತಂದಿತು. "ಒಬ್ಬ ಬಿದ್ರೆ ರಾಜಧಾನಿಯಿಂದ ಫೋನು, ಇಬ್ರು ಬಿದ್ರೆ ತನಿಖೆ, ಆಮೇಲೆ ನಮ್ ಮನೆಗೆ ಕೊಡೋ ಅನುದಾನದ ಮೇಲೆ ಕಣ್ಣು. ನಡೆಯೋನು ತಾನೇ ಬೀಳೋದು? ಬೀಳ್ಬಹುದು ಅನ್ನಿಸಿದೋರನ್ನ ಕೂರಿಸಿದ್ವಿ. ಆಮೇಲೆ ಎಲ್ಲರೂ ಬೀಳ್ಬಹುದು ಅನ್ನಿಸ್ತು. ಒಬ್ಬನ್ನೂ ಬೈದಿಲ್ಲ, ಕಟ್ಟಿಹಾಕಿಲ್ಲ. ಎಲ್ಲಿಗೆ ಬೇಕಾದ್ರೂ ನಾವೇ ತಳ್ಕೊಂಡು ಹೋಗ್ತೀವಿ. ಮೂಳೆ ಮುರ್ಕೊಂಡೋರು ಒಬ್ರಿಲ್ಲ, ಗೊತ್ತಾ?"

ಆ ಸೊನ್ನೆಯನ್ನು ನಾನೇ ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿದ್ದೆ.

ಅಷ್ಟರಲ್ಲಿ ಗಂಟೆ ಬಾರಿಸಿದರು. ಯೋಧರ ಮನೆಯಲ್ಲಿ ಸತ್ತವರನ್ನು ಹಿತ್ತಿಲ ಬಾಗಿಲಿಂದ ಗುಟ್ಟಾಗಿ ಸಾಗಿಸುವುದಿಲ್ಲ. ಮುಂಬಾಗಿಲಿಂದ ಬಂದವನು ಮುಂಬಾಗಿಲಿಂದಲೇ ಹೋಗಬೇಕು. ಮೈಮೇಲೆ ಬಾವುಟ ಹೊದಿಸಿ, ನಡುವಿನ ಉದ್ದ ಪಡಸಾಲೆಯಲ್ಲಿ ನಿಧಾನ ತಳ್ಳಿಕೊಂಡು ಬರುತ್ತಾರೆ. ಎರಡೂ ಕಡೆ ಮನೆಯವರೆಲ್ಲ ಸಾಲು ನಿಂತು ಸಲ್ಯೂಟ್ ಮಾಡುತ್ತಾರೆ. ಹಿಂದೆ ಬಂದಿದ್ದಾಗ ಇಂಥದ್ದೊಂದನ್ನು ನೋಡಿದ್ದೆ. ಕೋಲುಗಳ ಟಕಟಕ, ಮಂಡಿಗಳ ಲಟಲಟ, ಒಬ್ಬರಿಗೊಬ್ಬರು ಭುಜ ಕೊಟ್ಟುಕೊಂಡು ನಿಂತ ಮುದುಕರು, ಅದರಲ್ಲೂ ಯಾರೋ ಒಬ್ಬ, "ಹೊಟ್ಟೆ ಒಳಗೆಳ್ಕೊಳ್ರೋ" ಎಂದು ಗದರಿದ್ದು. ನಗು, ಅಳು ಎರಡೂ ಬಂದಿತ್ತು ನನಗೆ.

ಇವತ್ತು ಪಡಸಾಲೆಗೆ ಬಂದು ನೋಡುತ್ತೇನೆ, ಸಾಲಿದೆ. ಎರಡೂ ಕಡೆ ಗೋಡೆಗೆ ಸೇರಿಸಿ ಜೋಡಿಸಿದ ಕುರ್ಚಿಗಳ ಸಾಲು. ಈ ತುದಿಯಿಂದ ಆ ತುದಿಯ ತನಕ ನಿಂತವನು ಒಬ್ಬನಿಲ್ಲ. ನಿಂತಿದ್ದವರು ಸಂಬಳದವರು ಮಾತ್ರ. ಇಷ್ಟು ಜನ ಸೇರಿದ ಜಾಗದಲ್ಲಿ ಇಷ್ಟು ಮೌನವನ್ನು ನಾನು ಹಿಂದೆ ಕೇಳಿರಲಿಲ್ಲ.

ನಾನು ಕೋಲನ್ನು ಆರ್ವಿಡ್‌ನ ಕೈಗೆ ಕೊಟ್ಟೆ. ಲೋರ್ನಾ ನನ್ನ ತೋಳು ಹಿಡಿದಳು.

"ಮಾರ್ಲಿಸ್, ಬೇಡ. ಬಿದ್ರೆ ಬರೀಬೇಕಾಗುತ್ತೆ. ಬರೆಯೋಳು ನೀನೇ."

"ಬರೀತೀನಿ."

"ಇವತ್ತೇ? ಫಲಕ ತಂದಿರೋ ದಿನವೇ?"

"ನಾನು ಹಿಡ್ಕೋತೀನಿ ಬಿಡು!" ನನ್ನ ದನಿ ಪಡಸಾಲೆಯಲ್ಲಿ ಮೊಳಗಿತು. ಕುರ್ಚಿಗಳಲ್ಲಿದ್ದ ತಲೆಗಳೆಲ್ಲ ತಿರುಗಿದವು.

ಆ ತುದಿಯಲ್ಲಿ ಬಾವುಟ ಕಾಣಿಸಿತು. ಶವಾಗಾರದವರಿಬ್ಬರು ಡೆಲ್ಮರ್‌ನನ್ನು ತಳ್ಳಿಕೊಂಡು ಬರುತ್ತಿದ್ದರು. ಎರಡೂ ಬದಿಯಲ್ಲಿ ಕೈಗಳು ಹಣೆಗೆ ಏರಿದವು, ಕೂತಲ್ಲಿಂದಲೇ. ಆರ್ವಿಡ್ ಕೋಲನ್ನು ನೆಲಕ್ಕೂರಿ ಮುಂದಕ್ಕೆ ಬಾಗಿದ. ನಾನು ಒಂದು ಕಂಕುಳಿಗೆ ಕೈಕೊಟ್ಟೆ, ಡಾರ್ಸಿ ಓಡಿಬಂದು ಇನ್ನೊಂದಕ್ಕೆ ಕೊಟ್ಟಳು. ಅವನು ಮೇಲೆದ್ದ. ಎದ್ದದ್ದೇ ತಡ, ಅವನ ಕುರ್ಚಿ ಕಿರುಚಿಕೊಂಡಿತು. ಮೆತ್ತೆಯ ಕೆಳಗೆ ಭಾರ ತಪ್ಪಿದರೆ ಕೂಗುವ ಯಂತ್ರ ಇಟ್ಟಿದ್ದರು.

ಆ ಕೂಗಿಗಿಂತ ನನ್ನನ್ನು ಬೆಚ್ಚಿಸಿದ್ದು ನನ್ನ ತೋಳಿನ ಮೇಲೆ ಬಿದ್ದ ಭಾರ. ಇಡೀ ಆರ್ವಿಡ್ ನನ್ನ ತೋಳಿನ ಮೇಲಿದ್ದ, ಕಾಲಿನ ಮೇಲೆ ಏನೂ ಇರಲಿಲ್ಲ. ಕೆಳಗೆ ನೋಡಿದೆ. ಪ್ಯಾಂಟು ಒಣಹಾಕಿದ ಬಟ್ಟೆಯಂತೆ ನೇತಾಡುತ್ತಿತ್ತು. ಜಾರುವ ನೆಲದಲ್ಲಿ ನನ್ನನ್ನು ನಡೆಸಿದ್ದ ಕಾಲುಗಳು ಒಳಗೆ ಇರಲಿಲ್ಲ, ಕೂತು ಕೂತು ಬತ್ತಿಹೋದ ಎರಡು ಕಡ್ಡಿಗಳಿದ್ದವು. ಅವನೂ ಕೆಳಗೆ ನೋಡಿದ. ಬೇರೆ ಯಾರದೋ ಕಾಲು ನೋಡುವ ಹಾಗೆ ನೋಡಿದ.

"ಇದೇನಮ್ಮಾ," ಅಂದ, ಮಗುವಿನ ದನಿಯಲ್ಲಿ. "ಇವು ಯಾವಾಗ ಹೋದ್ವು?"

ಮಂಡಿಗಳು ಮಡಿಚಿಕೊಂಡವು. ನಾವಿಬ್ಬರೂ ಹಿಡಿದೇ ಇದ್ದೆವು, ಆದರೂ ನಿಧಾನವಾಗಿ ಮೂವರೂ ಕೆಳಗಿಳಿದೆವು. ನೆಲಕ್ಕೆ ಕೂತಾಗ ಅವನ ತಲೆ ನನ್ನ ಎದೆಗೆ ಒರಗಿತ್ತು. ಟೋಪಿ ಉರುಳಿ ಹೋಗಿತ್ತು. ಕುರ್ಚಿ ಕಿರುಚುತ್ತಲೇ ಇತ್ತು.

ಬಾವುಟ ನಮ್ಮ ಮುಂದೆ ಬಂತು. ಶವಾಗಾರದವರು ನಮ್ಮನ್ನು ನೋಡಿ ಕಾಲು ನಿಲ್ಲಿಸಿದರು. ಈ ನಡಿಗೆಯಲ್ಲಿ ಯಾರೂ ನಡುವೆ ನಿಲ್ಲಿಸುವುದಿಲ್ಲ. ಅವರು ನಿಲ್ಲಿಸಿದರು.

ಲೋರ್ನಾ ಎದುರು ಗೋಡೆಗೆ ಅಂಟಿಕೊಂಡಿದ್ದಳು. ಎರಡೂ ಕೈ ಬಾಯಿ ಮೇಲಿತ್ತು. ವರ್ಷವಿಡೀ ತಾನೇ ತಳ್ಳಿಕೊಂಡು ತಿರುಗಿದವನ ಕಾಲನ್ನು ಅವಳು ಈಗಷ್ಟೇ ನೋಡಿದ್ದಳು. ಹಾಗೇ ಜಾರಿ ಕುಸಿದು ನೆಲದ ಮೇಲೆ ಕೂತಳು.

"ಎತ್ತೋಣ," ಎಂದೆ ಡಾರ್ಸಿಗೆ.

"ಮುಟ್ಬೇಡಿ," ಎಂದ ಆರ್ವಿಡ್. ದನಿ ಮತ್ತೆ ಅವನದೇ ಆಗಿತ್ತು. "ಅವನು ಹೋಗೋ ತನಕ ಮುಟ್ಬೇಡಿ. ಬೆನ್ನಿಗೆ ಮಾತ್ರ ಆಸರೆ ಕೊಡು, ಲಾರಿ ಹುಡುಗಿ."

ಕೊಟ್ಟೆ. ಅವನು ಬೆನ್ನು ನೆಟ್ಟಗೆ ಮಾಡಿ, ಕೈಯನ್ನು ಹಣೆಗೆ ಏರಿಸಿದ. ಬಾವುಟ ಮುಂದೆ ಸಾಗಿತು. ಮುಂಬಾಗಿಲು ತೆರೆದು ಹಿಮದ ಗಾಳಿ ಪಡಸಾಲೆಯುದ್ದಕ್ಕೂ ನುಗ್ಗಿ ಬಂತು. ಯಾರೂ ಅಲುಗಾಡಲಿಲ್ಲ. ವ್ಯಾನಿನ ಕದ ಹಾಕಿದ ಸದ್ದು ಕೇಳಿತು, ಚಕ್ರಗಳು ಹಿಮವನ್ನು ನುರಿಸಿಕೊಂಡು ದೂರವಾದವು. ಆಮೇಲೆ ಆರ್ವಿಡ್‌ನ ಕೈ ಇಳಿಯಿತು.

"ಈಗ ಎತ್ರಿ," ಎಂದ. "ಆದ್ರೆ ಕುರ್ಚಿಗೆ ಬೇಡ."

ನಾನು ಡಾರ್ಸಿಯ ಮುಖ ನೋಡಿದೆ, ಡಾರ್ಸಿ ಲೋರ್ನಾಳ ಮುಖ ನೋಡಿದಳು. ಆ ಉದ್ದ ಪಡಸಾಲೆಯಲ್ಲಿ ಅವನನ್ನು ಎತ್ತಿ ಬೇರೆಲ್ಲಿಡಬೇಕೆಂದು ನಮಗ್ಯಾರಿಗೂ ಗೊತ್ತಿರಲಿಲ್ಲ.