ದೊಡ್ಡಮ್ಮನ ಬಡವ

"ಬಾಯಿ ಬಿಟ್ಟು ಹೇಳೋ ಬೋಳಿಮಗನೆ. ಕೋಲೆಬಸವನ ಹಾಗೆ ತಲೆ ಆಡಿಸಿದ್ರೆ ಮೇಲೆ ಕೂತೋರಿಗೆ ಹ್ಯಾಗೆ ಗೊತ್ತಾಗ್ಬೇಕು? ತುಂಬ್ತೋ ಇಲ್ವೋ?"

"ತುಂಬ್ತು," ಅಂದ ಅಪ್ಪ.

"ಗಟ್ಟಿಯಾಗಿ."

"ತುಂಬ್ತು ದೊಡ್ಡಮ್ಮಾ. ಹೊಟ್ಟೆ ತುಂಬ್ತು."

"ತೌಬಾ," ಎಂದು ಮೇಸ್ತ್ರಿ ತನ್ನ ಕೆನ್ನೆಗೆ ತಾನೇ ತಟ್ಟಿಕೊಂಡ. ರಮಜಾನ್ ತಿಂಗಳಲ್ಲಿ ಯಾರೂ ಬೈಯಕೂಡದೆಂದು ಸಾಹುಕಾರರ ಕಟ್ಟಪ್ಪಣೆಯಾಗಿತ್ತು. ಮೇಸ್ತ್ರಿ ಬೈಯುವುದನ್ನು ಬಿಟ್ಟಿರಲಿಲ್ಲ. ಪ್ರತಿ ಬೈಗುಳದ ಬಾಲಕ್ಕೆ ತಪ್ಪೊಪ್ಪಿಗೆಯ ಒಂದು ತೌಬಾ ಕಟ್ಟುತ್ತಿದ್ದ, ಅಷ್ಟೆ.

ಅಪ್ಪ ಕೂತಿದ್ದುದು ಲಾಂಡ್ರಿಯ ಹಿಂದಿನ ಅಂಗಳದಲ್ಲಿ, ಬಿಸಿನೀರು ಹರಿಯುವ ಮೋರಿಯ ಪಕ್ಕ. ಅಂಗಳದ ಆಚೆ ಸಾಹುಕಾರರ ಮನೆ. ಮಹಡಿಯ ಕಿಟಕಿಯಲ್ಲಿ ಅವರ ತಾಯಿ. ಲಾಂಡ್ರಿಯವರೆಲ್ಲ ಆಕೆಯನ್ನು ದೊಡ್ಡಮ್ಮ ಅನ್ನುತ್ತಿದ್ದೆವು. ಸಕ್ಕರೆ ಕಾಯಿಲೆ, ಗುಂಡಿಗೆ ಕಾಯಿಲೆ, ಕಣ್ಣಿಗೆ ಪೊರೆ. ಉಪವಾಸ ಹಿಡಿದರೆ ಜೀವಕ್ಕೇ ಸಂಚಕಾರ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಗುಣವಾಗದ ಕಾಯಿಲೆಯವರು ಬಿಟ್ಟ ಒಂದೊಂದು ಉಪವಾಸಕ್ಕೆ ಒಬ್ಬ ಬಡವನಿಗೆ ಎರಡು ಹೊತ್ತು ಹೊಟ್ಟೆತುಂಬ ಊಟ ಹಾಕಬೇಕು. ಅದು ಫಿದ್ಯಾ. ಮೂವತ್ತು ದಿನಕ್ಕೆ ಮೂವತ್ತು ಬಡವರಾದರೂ ಸರಿ, ಒಬ್ಬನೇ ಆದರೂ ಸರಿ. ಒಬ್ಬನೇ ಆದರೆ ಅಂಗಳ ಗಲೀಜಾಗುವುದಿಲ್ಲ ಎಂದು ಸಾಹುಕಾರರು ಒಬ್ಬನನ್ನೇ ಹುಡುಕಲು ಹೇಳಿದರು.

ಹುಡುಕಲು ಮೇಸ್ತ್ರಿ ಬೀದಿಗಿಳಿಯಬೇಕಾಗಲಿಲ್ಲ.

ಹತ್ತು ತಿಂಗಳ ಹಿಂದಿನವರೆಗೆ ಅಪ್ಪ ಇದೇ ಲಾಂಡ್ರಿಯ ರೋಲರಿನಲ್ಲಿದ್ದ. ಆಸ್ಪತ್ರೆಗಳ, ಹೋಟೆಲುಗಳ ಒದ್ದೆ ಚಾದರಗಳನ್ನು ಕಾದ ಎರಡು ಉರುಳೆಗಳ ನಡುವೆ ಬಿಡುವುದು ಅವನ ಕೆಲಸ. ಉರುಳೆಯ ಮುಂದೆ ಕೈ ತಡೆಯಲು ಒಂದು ಕಬ್ಬಿಣದ ಪಟ್ಟಿ ಇತ್ತು. ಪಟ್ಟಿ ಇದ್ದರೆ ಗಂಟೆಗೆ ನಲವತ್ತು ಚಾದರ, ತೆಗೆದರೆ ಅರವತ್ತು. ತೆಗೆಸಿದರು. ಒಂದು ದಿನ ಚಾದರದ ಮಡಿಕೆ ಬಿಡಿಸಲು ಹೋದ ಅಪ್ಪನ ಬಲಗೈಯೂ ಚಾದರದ ಜೊತೆಗೇ ಒಳಗೆ ಹೋಯಿತು. ಅದು ಬಟ್ಟೆಯಲ್ಲ ಎಂದು ರೋಲರಿಗೆ ತಿಳಿಯಲಿಲ್ಲ. ಈಗ ಆ ಕೈಯಲ್ಲಿ ಹೆಬ್ಬೆರಳು, ಕಿರುಬೆರಳು ಎರಡೇ ಉಳಿದಿವೆ.

ಆಸ್ಪತ್ರೆಯಲ್ಲಿ ಸಾಹುಕಾರರು ಅಪ್ಪನ ತಲೆ ಸವರಿ, "ಗುಣ ಆಗು ತಮ್ಮಾ. ಗೇಟಿನ ಕುರ್ಚಿ ನಿಂದೇ," ಅಂದಿದ್ದರು. ಮುದಿ ಕಾವಲುಗಾರ ಕಣ್ಣು ಮುಚ್ಚಿದ ಮೇಲೆ ಲಾಂಡ್ರಿಯ ಗೇಟಿನಲ್ಲಿ ಒಂದು ಬಿಳಿ ಪ್ಲಾಸ್ಟಿಕ್ ಕುರ್ಚಿ ಖಾಲಿ ಬಿದ್ದಿತ್ತು. ಕೂತು ಮಾಡುವ ಕೆಲಸ. ಗೇಟು ತೆಗೆಯಲು ಎರಡು ಬೆರಳು ಸಾಕು. ಕೈಯ ಗಾಯ ಮಾಯ್ದ ಮೇಲೆ ಅಪ್ಪ ಹೋಗಿ ಕೇಳಿದ. "ರಮಜಾನ್ ಮುಗೀಲಿ," ಅಂದರು.

ಹಾಗಾಗಿ ಅಪ್ಪ ಉಣ್ಣತೊಡಗಿದ. ಹಗಲೆಲ್ಲ ತನ್ನ ಉಪವಾಸ ತಾನು ಹಿಡಿದು, ಸಂಜೆ ಅಜಾನ್ ಆಗುತ್ತಲೇ ಮೋರಿಯ ಪಕ್ಕ ಕೂತು ದೊಡ್ಡಮ್ಮನ ಉಪವಾಸವನ್ನು ಉಣ್ಣುತ್ತಿದ್ದ. ಬೆಳಗಿನ ಜಾವದ ಊಟವನ್ನು ಡಬ್ಬಿಗೆ ಹಾಕಿ ಕೊಡುತ್ತಿದ್ದರು. ಎಡಗೈಯಲ್ಲಿ ತಿನ್ನಲು ಮೇಸ್ತ್ರಿ ಬಿಡುತ್ತಿರಲಿಲ್ಲ. "ಅದು ಶೈತಾನ ತಿನ್ನೋ ಕೈ. ದೊಡ್ಡಮ್ಮನ ಪುಣ್ಯ ಕೆಡಿಸ್ತೀಯಾ?" ಹೆಬ್ಬೆರಳಿಗೂ ಕಿರುಬೆರಳಿಗೂ ನಡುವೆ ಅನ್ನ ನಿಲ್ಲುತ್ತಿರಲಿಲ್ಲ. ಅರ್ಧ ತೊಡೆಯ ಮೇಲೆ ಬೀಳುತ್ತಿತ್ತು, ಬಿದ್ದದ್ದನ್ನು ಆರಿಸಿ ತಿನ್ನುತ್ತಿದ್ದ. ಮುಗಿಯಲು ಮುಕ್ಕಾಲು ಗಂಟೆಯಾಗುತ್ತಿತ್ತು. ಕೊನೆಗೆ "ತುಂಬ್ತು" ಎಂದು ಕೂಗಬೇಕು. ಅದು ಕಿವಿಗೆ ಬಿದ್ದ ಮೇಲೆಯೇ ಮೇಲೆ ಕಿಟಕಿ ಮುಚ್ಚುತ್ತಿತ್ತು.

ಅವನು ಸಂಜೆ ಉಪವಾಸ ಮುರಿಯಲು ತಿಂದ ಖರ್ಜೂರದ ಬೀಜವನ್ನು ತೊಳೆದು ಮೇಲೆ ಒಯ್ಯುವುದು ನನ್ನ ಪಾಲಿನ ಕೆಲಸ. ನಾನು ಅದೇ ಲಾಂಡ್ರಿಯಲ್ಲಿ ಚಾದರ ಮಡಿಸುತ್ತೇನೆ. ಮೇಲಿನ ಹಾಸಿಗೆ ಬದಲಿಸಲು ಹೇಗೂ ಹೋಗಬೇಕಿತ್ತು. ದೊಡ್ಡಮ್ಮ ಬೀಜವನ್ನು ಬೆರಳಲ್ಲಿ ತಡವಿ ನೋಡಿ ಒಂದು ತಗಡಿನ ಡಬ್ಬಿಗೆ ಹಾಕುತ್ತಿದ್ದಳು. ಅದೇ ಆಕೆಯ ಲೆಕ್ಕ.

"ಆ ಬಡವ ಒಳ್ಳೇವನೇನೇ?" ಎಂದು ಒಮ್ಮೆ ಕೇಳಿದಳು.

"ಒಳ್ಳೇವ್ನು ದೊಡ್ಡಮ್ಮ."

"ಮಕ್ಕಳಿಲ್ವಾ ಪಾಪ, ನೋಡ್ಕೊಳ್ಳೋಕೆ?"

ನಾನು ದಿಂಬಿನ ಚೀಲದೊಳಗೆ ಕೈ ಹಾಕಿ ಮೂಲೆ ಸರಿಮಾಡುತ್ತಾ ನಿಂತೆ. ಮೇಸ್ತ್ರಿ ಮೊದಲ ದಿನವೇ ಹೇಳಿದ್ದ: "ಅವನು ನಿಮ್ಮಪ್ಪ ಅಂತಾಗಲಿ, ಕೈ ಇಲ್ಲೇ ಹೋಗಿದ್ದು ಅಂತಾಗಲಿ ಉಸಿರೆತ್ತಿದ್ರೆ ನಿನ್ನ ಟೇಬಲ್ಲಿಗೆ ಬೇರೇವಳು ಬರ್ತಾಳೆ. ಅವನಿಗೆ ಕೈ ಹೋದದ್ದಕ್ಕೆ ಕೊಡಬೇಕಾದ್ದನ್ನ ಇಟ್ಕೊಂಡು ಇದ್ಯಾವ ಸೀಮೆ ದಾನ ಅಂತ ಮುದುಕಿ ಕೇಳಿದ್ರೆ ನೀನು ಹೇಳ್ತೀಯಾ ಉತ್ತರ? ಮುಂಡೇದು. ತೌಬಾ."

ಮಡಿಸುವ ಟೇಬಲ್ಲಿನಲ್ಲಿ ಎಲ್ಲರಿಗೂ ಗೊತ್ತಿತ್ತು. ನನ್ನ ಎದುರು ಚಾದರದ ಇನ್ನೊಂದು ತುದಿ ಹಿಡಿಯುವ ಅಕ್ಕನ ಬಾಯಿಗೆ ಬೀಗವಿಲ್ಲ.

"ಏನೇ, ದೊಡ್ಡಮ್ಮನ ಹೊಟ್ಟೆ ಹ್ಯಾಗಿದೆ?"

"ಯಾರ ಹೊಟ್ಟೆ?"

"ಅದೇ, ನಿಮ್ಮಪ್ಪ. ಆಯಮ್ಮನ ಹೊಟ್ಟೆ ಹೊತ್ಕೊಂಡು ತಿರುಗ್ತಾನಲ್ಲ. ಸ್ವರ್ಗಕ್ಕೆ ಹೋಗೋವಾಗ ಇವನನ್ನೂ ಗಂಟು ಕಟ್ಕೊಂಡು ಹೋಗ್ಬೇಕಾಗುತ್ತೆ ನೋಡು."

"ಅಲ್ಲೂ ಮೋರಿ ಪಕ್ಕಾನೇ ಕೂರಿಸ್ತಾರೆ ಬಿಡು," ಅಂದೆ. ಇಬ್ಬರೂ ನಕ್ಕೆವು. ಹಬೆಯಲ್ಲಿ ನಕ್ಕರೆ ಗಂಟಲು ಇನ್ನಷ್ಟು ಒಣಗುತ್ತದೆ. ಅಜಾನಿಗೆ ಇನ್ನೂ ನಾಲ್ಕು ಗಂಟೆಯಿತ್ತು.

ಇಪ್ಪತ್ತಾರನೆಯ ದಿನ ಮಧ್ಯಾಹ್ನ ಮೇಲೆ ಹಾಸಿಗೆ ಬದಲಿಸುತ್ತಿದ್ದೆ. ದೊಡ್ಡಮ್ಮ ಆರಾಮಕುರ್ಚಿಯಲ್ಲಿ ನಿದ್ದೆಹೋಗಿದ್ದಳು. ಪಕ್ಕದ ಕೋಣೆಯಲ್ಲಿ ಸಾಹುಕಾರರು ಮಸೀದಿಯ ಮೌಲ್ವಿಗಳ ಜೊತೆ ಮಾತಾಡುತ್ತಿದ್ದರು. ಬಾಗಿಲು ಅರ್ಧ ತೆರೆದಿತ್ತು.

"ಗೇಟಿಗೆ ಕೂರಿಸ್ತೀನಿ ಅಂತ ಮಾತು ಕೊಟ್ಟಿದ್ದೆ. ಆದ್ರೆ ಕೂರಿಸಿದ್ರೆ ಸಂಬಳ ಬರುತ್ತೆ. ಸಂಬಳ ಬರೋನು ಬಡವ ಹ್ಯಾಗಾದ?" ಅಂದರು ಸಾಹುಕಾರರು.

"ನೀವು ಕೊಡೋ ಸಂಬಳದಲ್ಲಾ?" ಮೌಲ್ವಿಗಳ ದನಿ. "ಬಡವನೇ ಆಗಿರ್ತಾನೆ. ಅದರ ಬಗ್ಗೆ ಅನುಮಾನ ಬೇಡ."

ಸಾಹುಕಾರರು ನಕ್ಕರು. ಅವರು ಯಾವತ್ತೂ ಜೋರಾಗಿ ನಗುವವರಲ್ಲ. "ತಾಯಿ ವಿಷಯ ಮೌಲ್ವಿಗಳೇ. ಕೂದಲೆಳೆಯಷ್ಟೂ ಸಂಶಯ ಇರಬಾರದು. ಏನೂ ಇಲ್ಲದೋನಿಗೇ ಕೊಡೋಣ."

"ಇನ್ನೇನು, ತಿಂಗಳು ಮುಗೀತಲ್ಲ."

"ಎಲ್ಲಿ ಮುಗೀತು? ಅಮ್ಮ ಹೋದ ವರ್ಷದ ಮೂವತ್ತೂ ಬಿಟ್ಟಿದ್ದಾರೆ. ಅದರ ಹಿಂದಿನ ವರ್ಷದ್ದೂ ಮೂವತ್ತು. ಅವು ತೀರೋವರೆಗೆ ಹೀಗೇ ಇರಲಿ ಅಂತ. ಆಮೇಲೆ ಮುಂದಿನ ರಮಜಾನ್ ಇದ್ದೇ ಇದೆ."

"ಕೆಲಸದಲ್ಲಿ ಕೈ ಹೋಗಿದ್ದಕ್ಕೆ ಅವನಿಗೆ ಏನಾದ್ರೂ..." ಎಂದು ಮೌಲ್ವಿಗಳು ಶುರುಮಾಡಿದರು.

"ಮಸೀದಿಗೆ ಹೊಸ ಜಮಖಾನ ಹೇಳಿದ್ದೆ. ನಾಳೆ ಬರುತ್ತೆ. ಅಳತೆ ಬರೆದ ಚೀಟಿ ಇದು, ಒಂದ್ಸಾರಿ ನೋಡ್ಬಿಡಿ," ಅಂದರು ಸಾಹುಕಾರರು.

ಮೌಲ್ವಿಗಳು ಅಳತೆ ನೋಡಿದರು.

ನಾನು ಮನೆಗೆ ಬಂದಾಗ ಅಪ್ಪ ನೆಲದ ಮೇಲೆ ಕೂತು ಇಸ್ತ್ರಿ ಮಾಡುತ್ತಿದ್ದ. ಮನೆಯೆಂದರೆ ಒಂದೇ ಕೋಣೆ, ಇರುವುದು ನಾವಿಬ್ಬರೇ. ಇದ್ದ ಒಂದು ಬಿಳಿ ಅಂಗಿಯನ್ನು ಹಾಸಿ, ಎರಡು ಬೆರಳಲ್ಲಿ ಕಾಲರು ಒತ್ತಿ ಹಿಡಿದು, ಎಡಗೈಯಲ್ಲಿ ಪೆಟ್ಟಿಗೆ ಎಳೆಯುತ್ತಿದ್ದ. ಗೇಟಿನಲ್ಲಿ ಕೂರುವವನು ಮುದುಡಿದ ಅಂಗಿ ಹಾಕಬಾರದು ಎಂಬುದು ಅವನ ವಾದ. "ಲಾಂಡ್ರಿ ಮರ್ಯಾದೆ ಗೇಟಲ್ಲೇ ಗೊತ್ತಾಗ್ಬೇಕು."

ಕೇಳಿದ್ದನ್ನೆಲ್ಲ ಹೇಳಿದೆ. ಅವನು ಪೆಟ್ಟಿಗೆ ಎತ್ತಿ ನಿಲ್ಲಿಸಿದ.

"ಇನ್ನೂ ಎಷ್ಟು ದಿನ ಅಂದ್ರು?"

"ಅರವತ್ತು. ಆಮೇಲೆ ಮುಂದಿನ ವರ್ಷದ್ದು."

"ಅಂದ್ರೆ ಆಯಮ್ಮ ಇರೋವರೆಗೂ ನಾನು ಬಡವ."

"ಹ್ಞೂಂ."

ಅಪ್ಪ ಅಂಗಿಯ ತೋಳನ್ನು ಹರಡಿ ಸುಕ್ಕು ಬಿಡಿಸಿದ. "ಹೋಗ್ಲಿ ಬಿಡು. ಇಪ್ಪತ್ತೆರಡು ವರ್ಷ ದುಡಿದ್ರೂ ಪರ್ಮನೆಂಟ್ ಮಾಡಿರ್ಲಿಲ್ಲ. ಈಗ ಮಾಡಿದ್ರು," ಅಂದ. ಮತ್ತೆ ಪೆಟ್ಟಿಗೆ ಎಳೆಯತೊಡಗಿದ.

ಇಪ್ಪತ್ತೊಂಬತ್ತನೆಯ ಸಂಜೆ ಆ ಅಂಗಿ ತೊಟ್ಟು ಬಂದ. ಮೇಸ್ತ್ರಿ ಮೇಲಿಂದ ಕೆಳಗೆ ನೋಡಿ, "ಏನೋ ಇದು, ನಿಕಾಹ್ ಇದೆಯೇನೋ ಮೋರಿ ಜೊತೆ?" ಅಂದ. ಅಜಾನ್ ಆಯಿತು. ಖರ್ಜೂರ ತಿಂದು ಬೀಜ ನನ್ನ ಕೈಗಿತ್ತ. ನಾವು ಲಾಂಡ್ರಿಯವರು ಗೋಡೆಗೊರಗಿ ನಿಂತು ನಮ್ಮ ನೀರು ಕುಡಿದೆವು. ಅಪ್ಪ ತಟ್ಟೆ ಖಾಲಿ ಮಾಡಿದ.

"ಹೇಳು," ಅಂದ ಮೇಸ್ತ್ರಿ.

"ತುಂಬ್ಲಿಲ್ಲ."

ಮೇಸ್ತ್ರಿ ಕಿಟಕಿಯ ಕಡೆ ನೋಡಿ, ಅಡುಗೆಯವಳಿಗೆ ಸನ್ನೆ ಮಾಡಿದ. ಇನ್ನೊಂದು ತಟ್ಟೆ ಬಂತು. ಅಪ್ಪ ಅನ್ನವನ್ನು ಅಂಗೈಯಿಂದ ಒತ್ತಿ ಉಂಡೆ ಮಾಡಿ, ಆತುರವಿಲ್ಲದೆ, ತೊಡೆಯ ಮೇಲೆ ಬಿದ್ದದ್ದನ್ನೂ ಆರಿಸಿ ತಿಂದ.

"ಈಗ?"

"ಇಲ್ಲ."

ಮೂರನೆಯದು ಬಂತು. ರೊಟ್ಟಿ ಬಂತು. ಅಡುಗೆಯವಳು ಮನೆಯವರಿಗೆಂದು ತೆಗೆದಿಟ್ಟ ಪಾತ್ರೆಯನ್ನೇ ತಂದು ಮುಂದಿಟ್ಟಳು. ಅಪ್ಪನ ಹಣೆಯಲ್ಲಿ ಬೆವರು ಮೂಡಿತು. ಹತ್ತು ತಿಂಗಳು ಅರೆಹೊಟ್ಟೆಯಲ್ಲಿದ್ದ ಮೈ. ನುಂಗುವಾಗ ಕತ್ತಿನ ನರ ಎದ್ದು ಕಾಣುತ್ತಿತ್ತು, ಕಣ್ಣಲ್ಲಿ ನೀರು ಬಂದಿತ್ತು. ತಿನ್ನುತ್ತಲೇ ಇದ್ದ.

"ಏನ್ರೋ ಅದು?" ಎಂದು ಮೇಲಿನಿಂದ ದೊಡ್ಡಮ್ಮನ ದನಿ ಬಂತು. "ಆ ಬಡವನಿಗೆ ಇನ್ನೂ ತುಂಬ್ಲಿಲ್ವಾ? ಹಾಕಿ, ಹಾಕಿ. ಅರ್ಧ ಹೊಟ್ಟೇಲಿ ಕಳಿಸಿದ್ರೆ ನಾಳೆ ದೇವರ ಮುಂದೆ ಲೆಕ್ಕ ಕೊಡೋಳು ನಾನು."

"ತುಂಬ್ತು ಅನ್ನೋ ಸೂಳೇಮಗನೆ," ಎಂದು ಮೇಸ್ತ್ರಿ ಹಲ್ಲು ಕಚ್ಚಿದ. ಈ ಸಲ ತೌಬಾ ಮರೆತ.

ಸಾಹುಕಾರರು ಕೆಳಗಿಳಿದು ಬಂದರು. ಅಪ್ಪನ ಎದುರು ಕುಕ್ಕುರುಗಾಲಲ್ಲಿ ಕೂತು, ಭುಜದ ಮೇಲೆ ಕೈಯಿಟ್ಟರು.

"ಏನಾಯ್ತು ತಮ್ಮಾ?"

"ಹಸಿವು ಸಾಹುಕಾರ್ರೆ."

"ಏನು ಕೊಟ್ರೆ ತುಂಬುತ್ತೆ?"

"ಗೇಟಿನ ಕುರ್ಚಿ. ಇಲ್ಲ ಅಂದ್ರೆ ಹೋದ ಕೈಗೆ ಕೊಡಬೇಕಾದ್ದು ಕೊಡಿ. ಎರಡರಲ್ಲಿ ಯಾವುದಾದ್ರೂ ಸರಿ. ಇಲ್ಲೇ ನಿಂತು ಓಣಿಗೆಲ್ಲ ಕೇಳೋ ಹಾಗೆ ತುಂಬ್ತು ಅಂತೀನಿ."

ಸಾಹುಕಾರರು ಭುಜದ ಮೇಲಿನ ಕೈ ತೆಗೆದು ಕರವಸ್ತ್ರದಲ್ಲಿ ಒರೆಸಿಕೊಂಡರು. ಎದ್ದು, ಗೋಡೆಗೊರಗಿದ್ದ ನಮ್ಮ ಕಡೆ ತಿರುಗಿದರು. "ನಾಳೆಯಿಂದ ಇಲ್ಲಿ ಯಾರು ಊಟಕ್ಕೆ ಕೂರ್ತೀರಿ?" ಎಂದು ಮೆಲ್ಲಗೆ ಕೇಳಿದರು. "ಈ ತಿಂಗಳಲ್ಲಿ ಉಳಿದಿದ್ದು ಒಂದು, ಹಳೇದು ಅರವತ್ತು. ಒಟ್ಟು ಅರವತ್ತೊಂದು ದಿನ. ಎರಡು ಹೊತ್ತು."

ಮೊದಲು ಒಂದು ಕೈ ಮೇಲೆದ್ದಿತು. ಅಪ್ಪನ ಜಾಗದಲ್ಲಿ ರೋಲರಿಗೆ ಬಂದವನದು. ಅವನಿಗೆ ಮನೆಯಲ್ಲಿ ಐದು ಬಾಯಿ. ಅಪ್ಪನ ಮುಖ ನೋಡದೆ, ಆಕಾಶ ನೋಡುತ್ತಾ ಕೈಯೆತ್ತಿದ್ದ. ಅವನ ಹಿಂದೆ ಇನ್ನೂ ಎರಡು ಕೈ ಎದ್ದವು. ಒಂದು ನನ್ನ ಎದುರು ಚಾದರ ಹಿಡಿಯುವ ಅಕ್ಕನದು.

"ನಿನಗೆ ಕೆಲಸ ಇದೆಯಲ್ಲ, ಬಡವ ಆಗೋದು ಹ್ಯಾಗೆ?" ಎಂದು ಅಪ್ಪ ರೋಲರಿನವನನ್ನು ಕೇಳಿದ. ಬೈದದ್ದಲ್ಲ. ನಿಜಕ್ಕೂ ತಿಳಿಯಬೇಕೆಂಬಂತೆ ಕೇಳಿದ.

"ಅದಕ್ಕೇನು, ಕೆಲಸ ಬಿಡಿಸಿದ್ರಾಯ್ತು," ಅಂದ ಮೇಸ್ತ್ರಿ.

ರೋಲರಿನವನ ಕೈ ಅರ್ಧಕ್ಕೆ ಇಳಿಯಿತು. ಅಲ್ಲೇ ನಿಂತಿತು.

ಅಪ್ಪ ಮೋರಿಯಲ್ಲಿ ಕೈ ತೊಳೆದು ಎದ್ದ. ಹೊಟ್ಟೆಭಾರಕ್ಕೆ ಗೋಡೆ ಹಿಡಿದು ನಡೆದು ಗೇಟಿಗೆ ಹೋದ. ಬಿಳಿ ಕುರ್ಚಿಯ ಧೂಳು ಕೊಡವಿ ಕೂತ. ಅಷ್ಟರಲ್ಲಿ ಚಾದರದ ಗಾಡಿ ಬಂತು. ಕೂತಲ್ಲಿಂದಲೇ ಎರಡು ಬೆರಳಲ್ಲಿ ಅಗುಳಿ ಸರಿಸಿ ಗೇಟು ತೆಗೆದ. ಗಾಡಿಯವನು ಸಲಾಂ ಹೊಡೆದು ಒಳಗೆ ಬಂದ.

ಮೇಸ್ತ್ರಿ ಓಡಿದ. ಅವನೂ ಗಾಡಿಯವನೂ ಸೇರಿ ಎಬ್ಬಿಸಲು ನೋಡಿದರು. ಅಪ್ಪ ಕುರ್ಚಿಯ ಕೈಗೆ ತೋಳು ಸುತ್ತಿ ಬಿಗಿಹಿಡಿದಿದ್ದ. ಕೊನೆಗೆ ಕುರ್ಚಿಯ ಸಮೇತ ಎತ್ತಿ, ಹೊರಗೆ ಬೀದಿಯಲ್ಲಿಟ್ಟು, ಗೇಟು ಹಾಕಿ ಅಗುಳಿ ಜಡಿದರು. "ಕುರ್ಚಿ ಹೋದ್ರೆ ಹೋಗ್ಲಿ, ದರಿದ್ರದ್ದು," ಎಂದು ಮೇಸ್ತ್ರಿ ಏದುಸಿರು ಬಿಟ್ಟ.

"ಬೀಜ ಎಲ್ಲಿ?" ಎಂದು ಸಾಹುಕಾರರು ನನ್ನನ್ನು ಕೇಳಿದರು. ಮುಷ್ಟಿಯಲ್ಲಿತ್ತು. "ನಡಿ."

ಅವರು ಹಿಂದೆ, ನಾನು ಮುಂದೆ ಮೆಟ್ಟಿಲು ಹತ್ತಿದೆವು. ಅವರು ಬಾಗಿಲಲ್ಲೇ ನಿಂತರು. ದೊಡ್ಡಮ್ಮ ಕಿಟಕಿಯ ಸರಳು ಹಿಡಿದು ಕೂತಿದ್ದಳು. ಮಗ ನಿಂತದ್ದು ಆಕೆಗೆ ಕಾಣಲಿಲ್ಲ.

"ಇವತ್ತು ಅವನು ಕೂಗಿದ್ದು ಕೇಳಿಸ್ಲೇ ಇಲ್ವಲ್ಲೇ. ನನ್ನ ಎದೆ ಹೊಡ್ಕೋತಿದೆ. ತುಂಬಿತಂತಾ?"

ನಾನು ತಿರುಗಿ ನೋಡಿದೆ. ಸಾಹುಕಾರರು ಬಾಗಿಲ ಪಕ್ಕದಲ್ಲಿ ನಾನು ಬೆಳಿಗ್ಗೆ ಮಡಿಸಿಟ್ಟ ಚಾದರದ ಅಂಚನ್ನು ಬೆರಳಲ್ಲಿ ಸವರುತ್ತಿದ್ದರು. ನಾಳೆ ಆ ಟೇಬಲ್ಲಿನಲ್ಲಿ ನಾನಿಲ್ಲದಿದ್ದರೆ ನಮ್ಮ ಕೋಣೆಯಲ್ಲಿ ಇಬ್ಬರು ಬಡವರು.

"ತುಂಬ್ತಂತೆ ದೊಡ್ಡಮ್ಮ," ಅಂದೆ.

"ನಿಜವಾ? ಅವನ ಬಾಯಿಂದಾನೇ ಹೇಳಿದ್ನಾ?"

"ಅವನ ಬಾಯಿಂದಾನೇ."

ಆಕೆ ಉಸಿರುಬಿಟ್ಟು ಅಂಗೈ ಚಾಚಿದಳು. ಬೀಜವನ್ನು ತಡವಿದಳು, ತುಟಿಯಲ್ಲಿ ಏನೋ ಹೇಳಿಕೊಂಡಳು, ಡಬ್ಬಿಗೆ ಹಾಕಿದಳು. ತಗಡು ಟಣ್ ಅಂದಿತು. ಸಾಹುಕಾರರು ಮೆಟ್ಟಿಲಿಳಿದು ಹೋದರು. ಕೆಳಗೆ ಅಂಗಳದಲ್ಲಿ ಮೇಸ್ತ್ರಿ ರೋಲರಿನವನಿಗೆ ಹೇಳಿಕೊಡುತ್ತಿದ್ದ: "ಗಟ್ಟಿಯಾಗಿ. ಹೊಟ್ಟೆಯಿಂದ ಬರ್ಬೇಕು."

ದೊಡ್ಡಮ್ಮ ಕಣ್ಣು ಕಿರಿದು ಮಾಡಿ ಹೊರಗೆ ನೋಡಿದಳು.

"ಗೇಟಿನಾಚೆ ಬೆಳ್ಳಗೆ ಏನೋ ಕಾಣ್ತಿದೆಯಲ್ಲ. ಏನೇ ಅದು?"

"ಕಾವಲುಗಾರ, ದೊಡ್ಡಮ್ಮ."

"ಹೊಸಬನಾ?"

"ಹ್ಞೂಂ."

"ಒಳ್ಳೇದಾಯ್ತು," ಎಂದು ಆಕೆ ಕಿಟಕಿ ಎಳೆದುಕೊಳ್ಳಲು ಕೈ ಚಾಚಿದಳು. ಕೈ ಎಟುಕಲಿಲ್ಲ. ನಾನೇ ಮುಚ್ಚಲು ಹೋದೆ.

ಕಾವಲಿನವರು ಬೀದಿಗೆ ಮುಖ ಮಾಡಿ ಕೂರುತ್ತಾರೆ. ಅಪ್ಪ ಕುರ್ಚಿಯನ್ನು ಸಾಹುಕಾರರ ಮನೆಯ ಕಡೆಗೆ ತಿರುಗಿಸಿಕೊಂಡು ಕೂತಿದ್ದ.