ಎಡಗಡೆಯ ಸಾಲು

ಕರ್ಟನ್ನಿನ ಆಚೆ ಟಿಶ್ಯೂ ಹರಿದ ಸದ್ದು, ಅಕ್ಕ ಹೊಟ್ಟೆಯ ಮೇಲಿನ ಜೆಲ್ ಒರೆಸಿಕೊಳ್ಳುತ್ತಿದ್ದಾಳೆ, ತಣ್ಣಗಿದೆ ಕಣೇ ಇದು, ಎಂಟು ತಿಂಗಳ ಹಿಂದೆಯೂ ಇದೇ ಮಂಚದ ಮೇಲಿಂದ ಹೀಗೇ ಅಂದಿದ್ದಳು, ಸ್ಕ್ರೀನಿನ ಮೇಲೆ ಸಾಲುಗಳು ಆಗಲೇ ತುಂಬಿ ನಿಂತಿವೆ, ಲಿವರ್ ನಾರ್ಮಲ್, ಬಲ ಕಿಡ್ನಿ ನಾರ್ಮಲ್, ಎಡ ಕಿಡ್ನಿ ನಾರ್ಮಲ್, ಈ ಸ್ಕ್ಯಾನಿಂಗ್ ಸೆಂಟರಿನಲ್ಲಿ ಯಾರೂ ಬರುವ ಮೊದಲೇ ಎಲ್ಲರೂ ನಾರ್ಮಲ್, ಡಾಕ್ಟರು ಇಯರ್‌ಫೋನಿನಲ್ಲಿ ಬೇರೇನಾದರೂ ಹೇಳಿದರೆ ಮಾತ್ರ ಆ ಸಾಲು ಅಳಿಸಿ ಹೊಸದಾಗಿ ಟೈಪ್ ಹೊಡೆಯಬೇಕು, ಹನ್ನೊಂದು ವರ್ಷದಿಂದ ಇಲ್ಲಿ ಟೈಪಿಸ್ಟ್ ಆಗಿರುವ ಇವಳ ಕೆಲಸ ಅಷ್ಟೇ, ಕಣ್ಣು ಮುಚ್ಚಿಕೊಂಡು ಮಾಡಬಹುದು — ಮಾಡಿದಳಲ್ಲ. ಅವತ್ತು ಸ್ಕ್ಯಾನ್ ಮುಗಿಸಿ ಬಂದ ಅಕ್ಕ ಪಕ್ಕದಲ್ಲೇ ಕೂತು ಭಾವನ ಪುರಾಣ ಬಿಚ್ಚಿದ್ದಳು, ಇವಳು ಒಂದು ಕಿವಿ ಅವಳಿಗೆ, ಒಂದು ಕಿವಿ ಡಾಕ್ಟರಿಗೆ, ಎಡ ಕಿಡ್ನೀಲಿ ಸಣ್ಣ ಗಂಟು, ಮೂರು ತಿಂಗಳಿಗೆ ಮತ್ತೆ ನೋಡ್ಬೇಕು, ಕಿವಿಗೆ ಬಿದ್ದಿತ್ತು, ಬೆರಳಿಗೆ ಬರಲಿಲ್ಲ, ಎಡ ಕಿಡ್ನಿ ನಾರ್ಮಲ್ ಆಗಿಯೇ ಉಳಿಯಿತು. ಅಕ್ಕನಿಗೆ ಬರುವ ಇಂಗ್ಲಿಷೇ ಅದೊಂದು, ಹೆರಿಗೆ ನಾರ್ಮಲ್ಲಾ ಆಪರೇಷನ್ನಾ, ಹೋಟೆಲಿನಲ್ಲಿ ನೀರು ಕೋಲ್ಡಾ ನಾರ್ಮಲ್ಲಾ, ಭಾವ ತಟ್ಟೆ ಎಸೆದ ದಿನವೂ ಅವ್ರದ್ದು ಅದು ನಾರ್ಮಲ್ ಬಿಡೇ, ಅವತ್ತು ರಿಪೋರ್ಟಿನಲ್ಲಿ ಆ ಪದದ ಮೇಲೆ ಬೆರಳಿಟ್ಟು ಓದಿ ನಕ್ಕಳು, ನೋಡು ನಾನೂ ಓದಿದೆ.

ಅವತ್ತು ಸಂಜೆ ಮನೆಗೆ ಹೋಗುವ ಬಸ್ಸಿನಲ್ಲಿ ಇವಳಿಗೆ ಆ ಗಂಟು ನೆನಪಾಗಿತ್ತು. ನಾಳೆ ಡಾಕ್ಟರ ದನಿಯ ರೆಕಾರ್ಡಿಂಗ್ ಮತ್ತೆ ಕೇಳಿ ನೋಡಿದರಾಯಿತು ಅಂದುಕೊಂಡಳು, ಮರುದಿನ ರೆಕಾರ್ಡಿಂಗ್ ಅಳಿಸಿಹೋಗಿತ್ತು, ಅದು ಬೇರೆ ಯಾರದೋ ಗಂಟು ಇರಬೇಕು ಅಂತ ತನಗೆ ತಾನೇ ಹೇಳಿಕೊಂಡಳು, ಡಾಕ್ಟರನ್ನು ಕೇಳಿದರೆ ಕೆಲಸ ಹೋಗುತ್ತದೆ ಅನ್ನುವ ಭಯ, ಅಷ್ಟೇ, ಬರೀ ಭಯ, ಆಮೇಲೆ ಅಕ್ಕನ ಮನೆಗೆ ಹೋದಾಗಲೆಲ್ಲ ಕಣ್ಣು ಅವಳ ಎಡಗೈಯ ಮೇಲೆ, ಸೊಂಟ ಒತ್ತಿಕೊಳ್ಳುವ ಕೈ, ಗ್ಯಾಸು ಕಣೇ, ರಿಪೋರ್ಟು ನಾರ್ಮಲ್ ಇದೆಯಲ್ಲ, ನೀನೇ ಹೊಡೆದದ್ದು — ಈಗ ಇಯರ್‌ಫೋನಿನಲ್ಲಿ ಅದೇ ದನಿ, ಎಡ ಕಿಡ್ನಿ, ಗಂಟು, ಆರು ಸೆಂಟಿಮೀಟರ್, ಸುತ್ತಲೂ ಹರಡಿದೆ.

ಡಾಕ್ಟರು ಕರ್ಟನ್ ಸರಿಸಿ ಈಚೆ ಬಂದರು, ಕೈಯಲ್ಲಿ ಹಳೇ ರಿಪೋರ್ಟು, ದನಿ ತಗ್ಗಿಸಿ, ಹೋದ್ಸಲ ನಾರ್ಮಲ್ ಅಂತ ನಾನೇ ಸೈನ್ ಹಾಕಿದ್ದೀನಮ್ಮ, ಹೇಗೆ ಕಾಣದೇ ಹೋಯ್ತೋ ನಂಗೆ, ಆಗ್ಲೇ ಸಿಕ್ಕಿದ್ರೆ ತೆಗೆದುಬಿಡಬಹುದಿತ್ತು. ತಪ್ಪನ್ನು ಅವರೇ ಹೊತ್ತುಕೊಂಡು ನಿಂತಿದ್ದಾರೆ, ಇವಳು ಬಾಯಿ ಮುಚ್ಚಿಕೊಂಡಿದ್ದರೆ ಸಾಕು, ಯಾರಿಗೂ ಗೊತ್ತಾಗುವುದಿಲ್ಲ, ಅಕ್ಕನಿಗೂ — ನಿಮಗೆ ಕಂಡಿತ್ತು ಸರ್, ನೀವು ಹೇಳಿದ್ರಿ, ನಾನು ಹೊಡೀಲಿಲ್ಲ, ತನ್ನದೇ ದನಿ, ಇಷ್ಟು ಜೋರಾಗಿ ಯಾಕೆ ಬಂತು, ಡಾಕ್ಟರು ಏನೋ ಕೇಳುತ್ತಿದ್ದಾರೆ, ಕೇಳಿಸುತ್ತಿಲ್ಲ, ಕರ್ಟನ್ನಿನ ಸಂದಿಯಲ್ಲಿ ಅಕ್ಕನ ಕೈ, ಟಿಶ್ಯೂ ಹಿಡಿದ ಕೈ, ಒರೆಸುತ್ತಿದ್ದದ್ದು ನಿಂತಿದೆ, ಎಡಗಡೆ, ಪಕ್ಕೆಯ ಕೆಳಗೆ, ಆ ಕೈ, ನಿಂತೇ ಇದೆ