ದೋಣಿಯ ಹಿಂದೆ ಬಂದ ಬಾಯವ್ವ

ದೋಣಿಗೆ ಉಡಿ ಎಲ್ಲಿರುತ್ತದೆ, ನೀವೇ ಹೇಳಿ. ನನಗಂತೂ ತಿಳಿಯಲಿಲ್ಲ. ತೊರಗಲ್ಲಿನ ಹೊಳೆದಂಡೆಯಲ್ಲಿ ಬಾಯವ್ವ ತನ್ನ ಹಳೆಯ ಫೈಬರ್ ದೋಣಿಗೆ ಅರಿಷಿಣ ಕುಂಕುಮ ಹಚ್ಚಿ, ಒಳಗೆ ಕುಬಸದ ಖಣ ಹಾಸಿ, ಅದರ ಮೇಲೆ ಅಕ್ಕಿ, ಕೊಬ್ಬರಿ, ಉತ್ತತ್ತಿ ಇಡುತ್ತಿದ್ದಳು. ನಾನು ಟೆಂಪೊ ಡ್ರೈವರ್ ಶಾಕೀರ. ಉಳ್ಳಾಗಡ್ಡಿ ಚೀಲ ಹೇರಿದವನು, ಎಮ್ಮೆ ಹೇರಿದವನು. ಉಡಿ ತುಂಬಿಸಿಕೊಂಡ ಸರಕನ್ನು ಮಾತ್ರ ಎಂದೂ ಹೇರಿದವನಲ್ಲ.

"ಯಕ್ಕಾ, ಲಗೂನ ಮುಗಸ್ರಿ. ದಸರಾ ಸೂಟಿ ಮುಗದು ನಾಳಿ ಮಗಳ ಸಾಲಿ ಚಾಲೂ ಆಗತೈತಿ," ಎಂದೆ.

"ನಾನೂ ಮಗಳನ್ನ ಕಳಸಾಕ ಹತ್ತೇನಿ ತಮ್ಮಾ. ಗಡಿಬಿಡಿ ಮಾಡಬ್ಯಾಡ," ಎಂದಳು ಬಾಯವ್ವ. ಅವಳ ಗಂಡ ಭರಮಪ್ಪ ತೀರಿಕೊಂಡ ಮೇಲೆ ಆ ದೋಣಿ ದಂಡೆಯ ಮೇಲೆ ಬೋರಲು ಬಿದ್ದಿತ್ತು; ಅದನ್ನೇ ನಾನು ಕೊಂಡಿದ್ದೆ.

ಗಡಿಬಿಡಿ ಮಾಡದೆ ಏನು ಮಾಡಲಿ? ನಮ್ಮ ಊರಿರುವುದು ನವಿಲುತೀರ್ಥದ ಡ್ಯಾಮಿನ ಹಿನ್ನೀರಿನ ಪಕ್ಕದಲ್ಲಿ, ಹೈಸ್ಕೂಲಿರುವುದು ಎದುರು ದಂಡೆಯಲ್ಲಿ. ಬೇಸಿಗೆಯಲ್ಲಿ ನಡೆದು ಹೋಗಬಹುದು. ಡ್ಯಾಮು ತುಂಬಿತೆಂದರೆ ದಾರಿ ಮುಳುಗುತ್ತದೆ, ಸುತ್ತಿನ ರಸ್ತೆಗೆ ಬಸ್ಸಿಲ್ಲ, ದಿನಾ ಬಾಡಿಗೆ ತಪ್ಪಿಸಿ ನಾನೇ ಟೆಂಪೊದಲ್ಲಿ ಬಿಟ್ಟು ಬರಲೂ ಆಗದು. "ಆ ನೀರ ದಾಟಿ ಸಾಲಿ ಬ್ಯಾಡ. ಬಿಡಸು," ಎಂದು ನನ್ನ ತಾಯಿ ಜುಬೇದಾಬಿ ಹೇಳಿಬಿಟ್ಟಿದ್ದಳು. ನಮ್ಮ ಮನೆಯಲ್ಲಿ ಅಮ್ಮ ಹೇಳಿದ್ದೇ ಕಾನೂನು. ನನ್ನ ಮಗಳು ಹಿನಾಕೌಸರ ಊಟ ಬಿಟ್ಟು ಕೂತಳು. ಓದುವ ಹುಡುಗಿಯನ್ನು ನೀರಿಗೆ ಹೆದರಿ ಮನೆಯಲ್ಲಿ ಕೂಡಿಸುವುದೇ? ಸಿಟ್ಟು ನೆತ್ತಿಗೇರಿತು. ಆ ಸಿಟ್ಟಿನಲ್ಲೇ ದೋಣಿ ಹುಡುಕಲು ಹೊರಟಿದ್ದೆ.

ದೋಣಿಯನ್ನು ಟೆಂಪೊಗೆ ಏರಿಸಿ ಹಗ್ಗ ಬಿಗಿದು ತಿರುಗಿದರೆ, ಬಾಯವ್ವ ಗಂಟು ಹಿಡಿದುಕೊಂಡು ಮುಂದಿನ ಸೀಟಿನಲ್ಲಿ ಕೂತಿದ್ದಳು.

"ನೀವೆಲ್ಲಿಗೆ ಹೊಂಟ್ರಿ ಯಕ್ಕಾ?"

"ಹೊಸಾ ಮದಿಮಗಳ ಹಿಂದ ತವರಮನಿ ಹಿರೇ ಹೆಣಮಗಳು ಹೋಗೂದಿಲ್ಲೇನು? ನಾಕ ದಿನ ಇದ್ದು, ಆಕಿ ಹೊಂದಿಕೊಂಡ ಮ್ಯಾಲ ಬರತೇನಿ."

ನಾನು ದೋಣಿಯನ್ನು ನೋಡಿದೆ, ಬಾಯವ್ವನನ್ನು ನೋಡಿದೆ. ಗಾಡಿ ಚಾಲೂ ಮಾಡಿದೆ. ಯರಗಟ್ಟಿಯಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಅಂಗಡಿಯ ಸದಾಶಿವ ಹಲ್ಲು ಕಿಸಿದ. "ಏನೋ ಶಾಕೀರ, ಅತ್ತಿ ಮನಿಯಿಂದ ಬಳುವಳಿ ಬಂತೇನು?"

ನಾನು ಬಾಯಿ ತೆರೆಯುವಷ್ಟರಲ್ಲಿ ಬಾಯವ್ವ ಕಿಟಕಿಯಿಂದ ಇಣುಕಿದಳು. "ಬಳುವಳಿ ಅಲ್ರಿ. ಅದು ನಮ್ಮ ಮಗಳು."

ಸದಾಶಿವನ ನಗು ನಿಂತೇ ಹೋಯಿತು. ನಾನು ದೋಣಿ ಕೊಂಡೆನೋ, ಬೀಗತನ ಮಾಡಿದೆನೋ, ಯಾ ಅಲ್ಲಾ, ಒಂದೂ ತಿಳಿಯದೆ ಗಾಡಿ ಓಡಿಸಿದೆ.

ಮನೆ ಮುಟ್ಟಿದಾಗ ನನ್ನ ಹೆಂಡತಿ ಸಾಯಿಮಾ ದೋಣಿಯನ್ನೂ ಬಾಯವ್ವನನ್ನೂ ನೋಡಿ ನನ್ನ ಮುಖ ನೋಡಿದಳು. ನಾನು ಆಕಾಶ ನೋಡಿದೆ. ಅಮ್ಮನಂತೂ ಹೊರಗೇ ಬರಲಿಲ್ಲ.

ಮರುದಿನ ಮುಂಜಾನೆ ದೋಣಿಯನ್ನು ನೀರಿಗೆ ಇಳಿಸಿದೆವು. ಹಿನಾ ಪಾಟಿಚೀಲ ಹಾಕಿಕೊಂಡು ನಿಂತಿದ್ದಳು. ಅರ್ಧ ಊರೇ ಬಂದಿತ್ತು. ಅಮ್ಮನೂ ಸೆರಗು ಬಿಗಿದುಕೊಂಡು ದೂರದಲ್ಲಿ ನಿಂತಳು.

"ಹುಟ್ಟು ಹಾಕಾವರು ಯಾರು?" ಎಂದಳು ಬಾಯವ್ವ.

ದೋಣಿ ಕೊಳ್ಳುವ ಹುಚ್ಚಿನಲ್ಲಿ ಅದನ್ನು ನಡೆಸುವವರು ಯಾರೆಂದು ಯೋಚಿಸಿರಲೇ ಇಲ್ಲ! ಆದರೂ ಬಿಂಕ ಬಿಡಲಿಲ್ಲ. "ಘಾಟಿನಾಗ ಟೆಂಪೊ ಹೊಡದಾಂವಗ ಇದೇನ ದೊಡ್ಡದು?" ಎಂದು ಹತ್ತಿ ಕೂತೆ. ಹುಟ್ಟನ್ನು ಎಡಕ್ಕೆ ಹಾಕಿದರೆ ದೋಣಿ ಬಲಕ್ಕೆ ಹೋಯಿತು. ಬಲಕ್ಕೆ ಹಾಕಿದರೆ ಗಿರ್ರನೆ ತಿರುಗಿ ಮತ್ತೆ ದಂಡೆಗೇ ಬಂತು.

"ಬ್ರೇಕ್ ಹಾಕಲೇ!" ಎಂದು ಯಾರೋ ಕೂಗಿದರು. ಊರೆಲ್ಲ ನಕ್ಕಿತು.

ಅಮ್ಮ ನಗಲಿಲ್ಲ. "ಮುಗೀತಲ್ಲ ನಾಟಕ? ಹಿನಾ, ನಡಿ ಮನಿಗೆ."

ಬಾಯವ್ವ ನನ್ನನ್ನು ರಟ್ಟೆ ಹಿಡಿದು ಇಳಿಸಿ, ತಾನೇ ಹುಟ್ಟು ಹಿಡಿದು ಕೂತಳು. ಹಿನಾ ಮುಂದೆ ಬಂದಳು. ಅಮ್ಮ ಅವಳ ಕೈ ಹಿಡಿದಳು.

"ಕೈ ಬಿಡು ದಾದಿ. ನಾ ಹೋಗಾಕಿನ."

ಅಮ್ಮನಿಗೆ ಯಾರೂ ಹಾಗೆ ಎದುರು ಮಾತಾಡಿದ್ದಿಲ್ಲ. ಅವಳು ಮೊಮ್ಮಗಳ ಮುಖವನ್ನೇ ನೋಡಿದಳು. ಆಮೇಲೆ ಚಪ್ಪಲಿ ಕಳಚಿ, "ಮದಲ ನಾ ಹೋಗತೇನಿ. ಮುಳುಗಿದ್ರ ಮುದಿಕಿ ಮುಳುಗಲಿ," ಎಂದು ತಾನೇ ಹತ್ತಿಬಿಟ್ಟಳು.

ದೋಣಿ ನೆಟ್ಟಗೆ ಹೋಯಿತು. ನಡುನೀರಿನಲ್ಲಿ ನಿಂತುಬಿಟ್ಟಿತು. ಅಮ್ಮ ಬಾಗಿ ನೀರಿನೊಳಗೆ ಏನನ್ನೋ ಹುಡುಕುತ್ತಿದ್ದಳು. ಬಾಯವ್ವ ಹುಟ್ಟು ಎತ್ತಿ ಸುಮ್ಮನೆ ಕೂತಿದ್ದಳು. "ಏನಾತು? ಯಾಕ ನಿಂತ್ರಿ?" ಎಂದು ಕೂಗಿ ಕೂಗಿ ನನ್ನ ಗಂಟಲು ಹರಿಯಿತು. ಆ ದಂಡೆ ಮುಟ್ಟದೆಯೇ ದೋಣಿ ಹಿಂದಕ್ಕೆ ಬಂತು.

ಅಮ್ಮನ ಕಣ್ಣುಗಳು ಕೆಂಪಾಗಿದ್ದವು. ಹೆದರಿದ್ದಾಳೆ, ಹಿನಾಳ ಓದು ಇಲ್ಲಿಗೆ ಮುಗಿಯಿತು ಎಂದುಕೊಂಡೆ.

"ನಮ್ಮ ಹಳೇ ಊರು ಅಲ್ಲೇ ಕೆಳಗೈತಿ," ಎಂದಳು ಅಮ್ಮ. "ಡ್ಯಾಮ್ ತುಂಬಿದ ವರ್ಷ ನಾ ಸಾಲ್ಯಾಗ ನಾಕನೇ ಇಯತ್ತೆ ಇದ್ದೆ. ಮಾಸ್ತರು ಸಾಲಿ ಗಂಟಿ ಬಿಚ್ಚಿ, ಚಕ್ಕಡ್ಯಾಗ ಇಟಗೊಂಡ ಹೋದ್ರು. ಹೊಸಾ ಊರಾಗ ಸಾಲಿ ಕಟ್ಟೂದ್ರಾಗ ನನ್ನ ಲಗ್ನ ಆಗಿತ್ತು."

ನನ್ನ ತಾಯಿ ಶಾಲೆಗೆ ಹೋಗಿದ್ದಳೆಂಬುದೇ ನನಗೆ ಗೊತ್ತಿರಲಿಲ್ಲ. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು ಕೇಳಿರಲೂ ಇಲ್ಲ. ನಾಚಿಕೆಯೂ ಅಳುವೂ ಒಟ್ಟಿಗೇ ಬಂದವು.

ಹಿನಾ ಅಳುತ್ತಾ ನಿಂತಿದ್ದಳು. ಅಮ್ಮ ದೋಣಿಯಿಂದ ಇಳಿಯಲಿಲ್ಲ. ಸರಿದು ಕೂತು ಪಕ್ಕದಲ್ಲಿ ಜಾಗ ಮಾಡಿದಳು.

"ಯಾಕ ನಿಂತಿ? ಹತ್ತು. ಸಾಲಿ ಬಾಗಲತನ ನಾನೂ ಬರತೇನಿ."